ಸಭೆ ಮುಗಿದ ಮರುದಿನ: ಸಮಾರಂಭ ಸಂಘಟಕರ ಸಾಮಾಜಿಕ ಹೊಣೆಗಾರಿಕೆ

ಅಡಿಕೆ, ಮೆಕ್ಕೆಜೋಳ, ರಸಗೊಬ್ಬರ, ಬಿತ್ತನೆ ಬೀಜ, ಸಿಮೆಂಟು, ಜವಳಿ, ಹೀಗೆ ಯಾವ ವ್ಯಾಪಾರವನ್ನು ತೆಗೆದುಕೊಂಡರೂ ವರ್ಷಕ್ಕೊಮ್ಮೆಯಾದರೂ ಜನರನ್ನು ಒಂದೆಡೆ ಸೇರಿಸದೆ ಅದು ನಡೆಯುವುದಿಲ್ಲ. ವಾರ್ಷಿಕ ಮಹಾಸಭೆ, ಡೀಲರುಗಳ ಸಮಾವೇಶ, ರೈತರ ಸಭೆ, ಹೊಸ ಮಳಿಗೆಯ ಪ್ರಾರಂಭೋತ್ಸವ, ಸಹಕಾರ ಸಂಘದ ಬೆಳ್ಳಿಹಬ್ಬ ಮುಂತಾದವು ವಾಣಿಜ್ಯದ ಅಂಗಗಳೇ ಆಗಿವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರಿನಂತಹ ತಾಲ್ಲೂಕು ಕೇಂದ್ರಗಳಲ್ಲಿ ಇವುಗಳನ್ನು ನಡೆಸಲು ‘ಈವೆಂಟ್ ಮ್ಯಾನೇಜರ್’ ಎಂಬ ಹೆಸರಿನವರು ಇರುವುದು ಅಪರೂಪ. ಶಾಮಿಯಾನದವರು, ಅಡುಗೆ ಭಟ್ಟರು, ಮೈಕಿನವರು, ಮುದ್ರಣಾಲಯದವರು ಮತ್ತು ಅಂಗಡಿಯ ಮಾಲೀಕರು ಸೇರಿಯೇ ಆ ಕಾರ್ಯವನ್ನು ನಿರ್ವಹಿಸುತ್ತಾರೆ. ಆದಕಾರಣ ಸಮಾರಂಭ ಸಂಘಟಕರ ಸಾಮಾಜಿಕ ಹೊಣೆಗಾರಿಕೆ ಎಂಬ ವಿಷಯವು ಮಹಾನಗರಗಳ ಪಂಚತಾರಾ ಹೋಟೆಲುಗಳಿಗೆ ಮಾತ್ರ ಸೀಮಿತವಾದುದಲ್ಲ. ಈ ನಾಲ್ಕು ತಾಲ್ಲೂಕುಗಳ ವರ್ತಕರಿಗೂ ಸಣ್ಣ ಕೈಗಾರಿಕೋದ್ಯಮಿಗಳಿಗೂ ನೇರವಾಗಿ ಸಂಬಂಧಿಸಿದುದು.

ಈ ಹೊಣೆಗಾರಿಕೆಯನ್ನು ಸಾಮಾನ್ಯವಾಗಿ ವೇದಿಕೆಯ ಮೇಲೆ ಹುಡುಕಲಾಗುತ್ತದೆ. ಅನಾಥಾಲಯಕ್ಕೊಂದು ಚೆಕ್ಕು, ಹತ್ತು ವಿದ್ಯಾರ್ಥಿಗಳಿಗೆ ನೋಟುಪುಸ್ತಕ, ಒಂದು ಸಸಿ ನೆಡುವ ಛಾಯಾಚಿತ್ರ. ಇವು ಬೇಡವೆಂದಲ್ಲ. ಆದರೆ ಸಂಘಟಕರ ನಿಜವಾದ ಹೊಣೆಯು ಸಭೆಗೆ ಹದಿನೈದು ದಿನ ಮೊದಲು ನಡೆಯುವ ದರದ ಮಾತುಕತೆಯಲ್ಲಿಯೂ, ಸಭೆ ಮುಗಿದ ಮರುದಿನ ಮೈದಾನದಲ್ಲಿ ಏನು ಉಳಿದಿದೆ ಎಂಬುದರಲ್ಲಿಯೂ ಇರುತ್ತದೆ. ಈ ಎರಡರ ನಡುವಿನ ಭಾಷಣಗಳ ಅವಧಿಯಲ್ಲಿ ಅದು ಅಷ್ಟಾಗಿ ಇರುವುದಿಲ್ಲ.

ಕಾನೂನು ಯಾರಿಗೆ ಅನ್ವಯ?

2013ರ ಕಂಪನಿಗಳ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಇಲ್ಲವೇ 1000 ಕೋಟಿ ರೂಪಾಯಿ ವಹಿವಾಟು, ಇಲ್ಲವೇ 5 ಕೋಟಿ ರೂಪಾಯಿ ನಿವ್ವಳ ಲಾಭ ಇರುವ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕೆಂದು ಅದು ವಿಧಿಸುತ್ತದೆ. ತಾಲ್ಲೂಕು ಮಟ್ಟದ ಪಾಲುದಾರಿಕೆ ಸಂಸ್ಥೆಗಳೂ ಏಕಮಾಲೀಕತ್ವದ ಅಂಗಡಿಗಳೂ ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ.

ಆದರೂ ಸಂಘಟಕರು ಅರಿತಿರಬೇಕಾದ ಒಂದು ಅಂಶವಿದೆ. ದೊಡ್ಡ ಕಂಪನಿಯೊಂದು ಸ್ಥಳೀಯ ಡೀಲರುಗಳ ಮೂಲಕ ಕ್ರೀಡಾಕೂಟವನ್ನೋ ಸಮಾರಂಭವನ್ನೋ ಪ್ರಾಯೋಜಿಸಿ, ಆ ಖರ್ಚನ್ನು ಸಾಮಾಜಿಕ ಹೊಣೆಗಾರಿಕೆಯ ಲೆಕ್ಕಕ್ಕೆ ಬರೆಯುವ ಅಭ್ಯಾಸ ಹಿಂದೆ ಇತ್ತು. ಮ್ಯಾರಥಾನ್, ಪ್ರಶಸ್ತಿ ಪ್ರದಾನ, ಜಾಹೀರಾತು, ದೂರದರ್ಶನ ಕಾರ್ಯಕ್ರಮಗಳ ಪ್ರಾಯೋಜನೆ ಮೊದಲಾದ ಒಂದು ದಿನದ ಕಾರ್ಯಕ್ರಮಗಳು ಈ ಲೆಕ್ಕಕ್ಕೆ ಬರುವುದಿಲ್ಲವೆಂದು ಕೇಂದ್ರ ಕಂಪನಿ ವ್ಯವಹಾರಗಳ ಸಚಿವಾಲಯವು 2014ರ ಜೂನ್ 18ರ ಸುತ್ತೋಲೆಯಲ್ಲಿ ತಿಳಿಸಿತು. 2021ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮಗಳು ತಮ್ಮ ಸರಕಿನ ಪ್ರಚಾರಕ್ಕಾಗಿ ಮಾಡಿದ ಪ್ರಾಯೋಜನೆಯನ್ನು ಸ್ಪಷ್ಟವಾಗಿ ಹೊರಗಿಟ್ಟವು. ಹೀಗಾಗಿ, ‘ಕಂಪನಿಯ ಸಾಮಾಜಿಕ ನಿಧಿಯಿಂದ ಶಾಮಿಯಾನದ ಖರ್ಚು ಬರುತ್ತದೆ’ ಎಂಬ ಭರವಸೆಯ ಮೇಲೆ ಮುಂಗಡ ಕೊಟ್ಟ ಡೀಲರು ಕಡೆಗೆ ತಾನೇ ಆ ಖರ್ಚನ್ನು ಹೊರಬೇಕಾದೀತು.

ಲಂಡನ್ ಒಲಿಂಪಿಕ್ಸ್ ನಡೆದ 2012ರಲ್ಲಿ ಸಮಾರಂಭಗಳ ನಿರ್ವಹಣೆಗೆಂದೇ ಐಎಸ್‌ಒ 20121 ಎಂಬ ಅಂತಾರಾಷ್ಟ್ರೀಯ ಮಾನಕವೊಂದು ಪ್ರಕಟವಾಯಿತು. ಅದರ ಪ್ರಮಾಣಪತ್ರ ಪಡೆಯುವ ಅಗತ್ಯ ಈ ಭಾಗದ ಯಾರಿಗೂ ಇಲ್ಲ. ಆದರೆ ಸಮಾರಂಭದ ಪರಿಣಾಮವನ್ನು ಯೋಜನೆಯ ಹಂತದಲ್ಲಿಯೇ ಲೆಕ್ಕ ಹಾಕಬೇಕು, ಅದು ಬಿಟ್ಟುಹೋಗುವ ಬಳುವಳಿಯನ್ನೂ ಗಣಿಸಬೇಕು ಎಂಬ ಅದರ ವಿಚಾರ ಗಮನಾರ್ಹ.

ಜಗಳೂರಿನ ಪಾಠ

ಬಳುವಳಿ ಎಂದರೇನೆಂದು ತಿಳಿಯಲು ಲಂಡನ್ನಿಗೆ ಹೋಗಬೇಕಾಗಿಲ್ಲ. ಸಿರಿಗೆರೆಯ ತರಳಬಾಳು ಬೃಹನ್ಮಠವು ಪ್ರತಿ ವರ್ಷ ಮಾಘ ಮಾಸದಲ್ಲಿ ಬೇರೆ ಬೇರೆ ಊರುಗಳಲ್ಲಿ ನಡೆಸಿಕೊಂಡು ಬಂದಿರುವ ತರಳಬಾಳು ಹುಣ್ಣಿಮೆ ಮಹೋತ್ಸವವು ಮೊದಲು ನಡೆದದ್ದು 1950ರಲ್ಲಿ, ಜಗಳೂರಿನಲ್ಲಿ. 2018ರಲ್ಲಿ ಅದು ಮತ್ತೆ ಜಗಳೂರಿಗೆ ಬಂದಿತು. ಹಲವು ದಿನಗಳ ಕಾಲ ಜನಸಾಗರವೇ ಸೇರಿದ ಆ ಸಂದರ್ಭದಲ್ಲಿ ತಾಲ್ಲೂಕಿನ ಕೆರೆಗಳಿಗೆ ನೀರು ತುಂಬಿಸಬೇಕೆಂಬ ಬೇಡಿಕೆಗೆ ದೊಡ್ಡ ದನಿ ದೊರೆಯಿತು. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ಹರಿಸುವ ಯೋಜನೆ ಆ ಬೇಡಿಕೆಗೆ ದೊರೆತ ಉತ್ತರ. 2020ರಲ್ಲಿ ಹಳೇಬೀಡಿನಲ್ಲಿ ಇದೇ ಮಹೋತ್ಸವ ನಡೆದಾಗ ರಣಘಟ್ಟ ನೀರಾವರಿ ಯೋಜನೆಯ ವಿಷಯ ಮುನ್ನೆಲೆಗೆ ಬಂದಿತು.

ಒಂದು ಡೀಲರುಗಳ ಸಭೆಯಿಂದ 57 ಕೆರೆಗಳನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆದರೆ ಜನ ಸೇರಿದಾಗ ಆ ಊರಿನ ಅತಿ ದೊಡ್ಡ ಕೊರತೆ ಯಾವುದೆಂದು ಕೇಳುವ ಪದ್ಧತಿ ಅನುಕರಣೀಯ. ಜಗಳೂರಿನಲ್ಲಿ ಆ ಕೊರತೆ ನೀರು. ಬರಪೀಡಿತವಾದ ಈ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವೂ ಹೆಚ್ಚು. ಆದಕಾರಣ ಕೊಳವೆ ಬಾವಿಯ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿಟ್ಟರೆ ಅತಿಥಿಗಳ ಆರೋಗ್ಯಕ್ಕೆ ಹಿತವಲ್ಲ. ಪ್ಲಾಸ್ಟಿಕ್ ಶೀಶೆಗಳನ್ನು ಹಂಚಿದರೆ ಊರಿಗೆ ಹಿತವಲ್ಲ. 500 ಜನರ ಸಭೆಯಲ್ಲಿ ತಲಾ ಅರ್ಧ ಲೀಟರಿನ ಎರಡು ಶೀಶೆಗಳೆಂದರೆ 1000 ಶೀಶೆಗಳು ಮರುದಿನ ಮೈದಾನದಲ್ಲಿ ಬಿದ್ದಿರುತ್ತವೆ. ಅವುಗಳಲ್ಲಿ ಎಷ್ಟೋ ಅರ್ಧ ಕುಡಿದು ಬಿಟ್ಟವು. ಅಷ್ಟೇ ನೀರನ್ನು ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಕ್ಯಾನುಗಳಲ್ಲಿ ತರಿಸಿದರೆ ಕೇವಲ 25 ಕ್ಯಾನು ಸಾಕು. ಖಾಲಿಯಾದ ಮೇಲೆ ಅವು ಘಟಕಕ್ಕೇ ಹಿಂದಿರುಗುತ್ತವೆ.

ಸಭೆಯ ದಿನಾಂಕವೂ ಸಾಮಾಜಿಕ ಹೊಣೆಯ ಭಾಗವೇ ಎಂಬುದನ್ನು ಬಹುಮಂದಿ ಗಮನಿಸಿದಂತಿಲ್ಲ. ಮಾರ್ಚ್‌ನಿಂದ ಮೇ ತಿಂಗಳವರೆಗೆ ಬಯಲು ಸೀಮೆಯಲ್ಲಿ ಸಮಾರಂಭಕ್ಕೆ ಬಂದು ನಿಲ್ಲುವ ನೀರಿನ ಟ್ಯಾಂಕರು, ಯಾವುದೋ ಹಳ್ಳಿಯ ಬಿಂದಿಗೆಗಳ ಸಾಲಿಗೆ ಹೋಗಬೇಕಾಗಿದ್ದ ಟ್ಯಾಂಕರು ಆಗಿರಬಹುದು. ಆರ್ಥಿಕ ವರ್ಷದ ಕೊನೆಯೆಂದು ಮಾರ್ಚಿನಲ್ಲಿ ಸಮಾವೇಶ ಇರಿಸಿಕೊಳ್ಳುವ ಬದಲು ನವೆಂಬರ್-ಜನವರಿಯಲ್ಲಿ ನಡೆಸಿದರೆ ನೀರಿನ ಕಷ್ಟವೂ ಕಡಿಮೆ, ಪರೀಕ್ಷೆಗೆ ಓದುವ ಮಕ್ಕಳಿಗೆ ಧ್ವನಿವರ್ಧಕದ ಕಾಟವೂ ಇಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದೆಂಬ 2000ದ ಶಬ್ದ ಮಾಲಿನ್ಯ ನಿಯಮಗಳು ಎಲ್ಲರಿಗೂ ತಿಳಿದವೇ.

ಎಲೆ, ತಟ್ಟೆ ಮತ್ತು ಹೊಳೆ

ಕರ್ನಾಟಕ ಸರ್ಕಾರವು 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಬ್ಯಾನರು, ಬಂಟಿಂಗ್ಸ್ ಹಾಗೂ ಊಟದ ಮೇಜಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆ ಇವೆಲ್ಲವನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ನಿಷೇಧ ದೇಶಾದ್ಯಂತ ಜಾರಿಗೆ ಬಂದಿತು. ಅಲಂಕಾರದ ಥರ್ಮೋಕೋಲು, ಆಹ್ವಾನ ಪತ್ರಿಕೆಗೂ ಸಿಹಿತಿಂಡಿ ಪೆಟ್ಟಿಗೆಗೂ ಸುತ್ತುವ ತೆಳು ಹಾಳೆ ಮತ್ತು 100 ಮೈಕ್ರಾನಿಗಿಂತ ತೆಳುವಾದ ಬ್ಯಾನರುಗಳು ಆ ಪಟ್ಟಿಯಲ್ಲಿ ಸೇರಿದವು. ಮೇಜಿನ ಮೇಲಿನ ಪ್ಲಾಸ್ಟಿಕ್ ಹಾಳೆ ಮಾತ್ರ ಎಷ್ಟೋ ಕಡೆಗಳಲ್ಲಿ ಇಂದಿಗೂ ಎಲೆಗಳ ಸಮೇತ ಸುರುಳಿ ಸುತ್ತಿಕೊಂಡು ಊರ ಹೊರಗಿನ ಹಳ್ಳ ಸೇರುತ್ತಿದೆ. ಹಾಗೆ ಸುತ್ತಿದ ಮೇಲೆ ಬಾಳೆಲೆಯೂ ಗೊಬ್ಬರವಾಗುವುದಿಲ್ಲ, ಉಳಿದ ಅನ್ನವನ್ನು ದನವೂ ಸುರಕ್ಷಿತವಾಗಿ ತಿನ್ನಲಾರದು.

ಕಾಗದದ ಲೋಟವು ಇದಕ್ಕೆ ಪರಿಹಾರವೆಂಬ ಭಾವನೆ ವ್ಯಾಪಕವಾಗಿದೆ. ಆದರೆ ನೀರು ಸೋರದಿರಲೆಂದು ಅದರ ಒಳಮೈಗೆ ಪ್ಲಾಸ್ಟಿಕ್ ಲೇಪನ ಮಾಡಿರುತ್ತಾರೆ. ಅಂತಹ ಲೋಟದಲ್ಲಿ 100 ಮಿಲಿ ಲೀಟರ್ ಬಿಸಿ ದ್ರವವನ್ನು 15 ನಿಮಿಷ ಇರಿಸಿದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆಂದು ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ವರದಿ ಮಾಡಿದರು. ಬಾಡಿಗೆಗೆ ದೊರೆಯುವ ಸ್ಟೀಲು ಲೋಟಗಳೇ ಇದಕ್ಕಿಂತ ಮೇಲು.

ತಟ್ಟೆಯ ವಿಷಯದಲ್ಲಿ ಎಲ್ಲ ತಾಲ್ಲೂಕುಗಳಿಗೂ ಒಂದೇ ಉತ್ತರವಿಲ್ಲ. ಹೊಳೆಯ ನೀರು ದೊರೆಯುವ ಹೊನ್ನಾಳಿಯಲ್ಲಿ ಸ್ಟೀಲು ತಟ್ಟೆ ತೊಳೆಯುವುದು ಕಷ್ಟವಲ್ಲ. ತೊಳೆಯಲು ನೀರಿಲ್ಲದ ಜಗಳೂರಿನಲ್ಲಿ ಎಲೆಯೇ ಸರಿ. ಅಡಿಕೆಯ ನಾಡಾದ ಚನ್ನಗಿರಿಯಲ್ಲಂತೂ ತೋಟದಲ್ಲಿ ಉದುರುವ ಹಾಳೆಯೇ ಕಚ್ಚಾ ಮಾಲು. ಹಾಳೆಯನ್ನು ಆಯ್ದು ಒಣಗಿಸಿ, ನೆನೆಸಿ ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಸಣ್ಣ ಬಂಡವಾಳದಲ್ಲಿ ಮನೆಯ ಬಳಿಯೇ ನಡೆಸಬಹುದಾದ ಉದ್ಯಮವಿದು.

ಈ ಉದ್ಯಮಕ್ಕೆ 2025ರಲ್ಲಿ ದೊಡ್ಡ ಪೆಟ್ಟು ಬಿದ್ದಿತು. ಅಡಿಕೆಯಲ್ಲಿರುವ ಅರೆಕೊಲಿನ್ ಮುಂತಾದ ಅಂಶಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದೆಂಬ ಕಾರಣ ನೀಡಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂತಹ ತಟ್ಟೆಗಳ ಆಮದಿಗೆ ತಡೆಯೊಡ್ಡಿತು. ರಫ್ತನ್ನೇ ನಂಬಿದ್ದ ಘಟಕಗಳು ಸಂಕಷ್ಟಕ್ಕೆ ಸಿಲುಕಿದವು. ಇಲ್ಲಿ ಸ್ಥಳೀಯ ಸಂಘಟಕರ ಪಾತ್ರವು ಎರಡು ಬಗೆಯದು. ಒಂದು, ಊರಿನ ಘಟಕಕ್ಕೆ ಊರಿನ ಮಾರುಕಟ್ಟೆ ಒದಗಿಸುವುದು. ಎರಡು, ದೇಶಾಭಿಮಾನದ ಮಾತಿನಿಂದ ಆ ಆಕ್ಷೇಪವನ್ನು ತಳ್ಳಿಹಾಕದೆ, ಮಾನ್ಯತೆ ಪಡೆದ ಪ್ರಯೋಗಾಲಯದ ಪರೀಕ್ಷಾ ವರದಿಯನ್ನು ತಯಾರಕರಿಂದ ಕೇಳುವುದು. ಒಂದು ಸಣ್ಣ ಘಟಕಕ್ಕೆ ಪರೀಕ್ಷೆಯ ಶುಲ್ಕ ಹೊರೆಯಾಗುವುದು ಸಹಜ. ನಾಲ್ಕಾರು ಘಟಕಗಳ ಪರವಾಗಿ ವರ್ತಕರ ಸಂಘವೇ ಮಾದರಿಗಳನ್ನು ಕಳುಹಿಸಿ ಶುಲ್ಕ ಭರಿಸಿದರೆ, ವೇದಿಕೆಯ ಮೇಲಿನ ಹತ್ತು ಸನ್ಮಾನಗಳಿಗಿಂತ ಅದು ಉಪಯುಕ್ತ. ವರದಿ ಕೈಸೇರುವ ತನಕ ಬಿಸಿ ಸಾರು, ಪಾಯಸಗಳಿಗೆ ಸ್ಟೀಲು ಬಟ್ಟಲನ್ನೂ ಊಟಕ್ಕೆ ಬಾಳೆಲೆ ಅಥವಾ ಮುತ್ತುಗದ ಎಲೆಯನ್ನೂ ಬಳಸುವುದು ವಿವೇಕ.

ತಟ್ಟೆಯ ಖರ್ಚು ಹೆಚ್ಚೆಂಬ ಆಕ್ಷೇಪವಿದೆ. ಒಂದಕ್ಕೆ 2 ರೂಪಾಯಿ ಹೆಚ್ಚು ಬೀಳುತ್ತದೆಂದು ಇಟ್ಟುಕೊಂಡರೂ 300 ಜನರ ಸಭೆಗೆ 600 ರೂಪಾಯಿ ಹೆಚ್ಚುವರಿ. ವೇದಿಕೆಯ ಮೇಲೆ ಹದಿನಾಲ್ಕು ಗಣ್ಯರಿದ್ದಲ್ಲಿ ಹನ್ನೆರಡಕ್ಕೆ ಇಳಿಸಿದರೆ ಶಾಲು, ಹಾರ, ಸ್ಮರಣಿಕೆಗಳಲ್ಲಿಯೇ ಆ ಹಣ ಉಳಿಯುತ್ತದೆ, ಸಭಿಕರೂ ಬೇಸರಿಸಲಾರರು.

100ಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವನ್ನು ಪರವಾನಗಿ ಇಲ್ಲದ ಸ್ಥಳದಲ್ಲಿ ನಡೆಸುವವರು ಕನಿಷ್ಠ ಮೂರು ಕೆಲಸದ ದಿನಗಳ ಮೊದಲು ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಸ್ಥಳದಲ್ಲಿಯೇ ಬೇರ್ಪಡಿಸಿ ಒಪ್ಪಿಸಬೇಕು ಎಂಬ ಹೊಣೆಯನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸಂಘಟಕರ ಮೇಲೆ ಹೊರಿಸಿದವು. ಇದು ಕೇವಲ ಊರಿನ ಸ್ವಚ್ಛತೆಯ ಮಾತಲ್ಲ. ಹೊನ್ನಾಳಿಯನ್ನು ದಾಟಿದ ತುಂಗಭದ್ರೆ ಹರಿಹರದ ಕಡೆಗೆ ಹರಿಯುತ್ತದೆ. ದಾವಣಗೆರೆ ನಗರಕ್ಕೆ ಕುಡಿಯುವ ನೀರು ಬರುವುದು ಹರಿಹರ ತಾಲ್ಲೂಕಿನ ರಾಜನಹಳ್ಳಿಯಿಂದ; ಜಗಳೂರಿನ ಕೆರೆಗಳಿಗೆ ನೀರೆತ್ತುವ ದೀಟೂರೂ ಅದೇ ನದಿಯ ಮೇಲಿದೆ. ಹೊನ್ನಾಳಿಯ ಸಮಾರಂಭದಲ್ಲಿ ಹೊಳೆಗೆ ಎಸೆದುದು ಕಡೆಗೆ ಜಗಳೂರಿನ ವರ್ತಕರ ಬಾಗಿಲಿಗೇ ಬಂದೀತು.

ಜನಸಂದಣಿಯ ಲೆಕ್ಕ

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರಸಿದ್ಧ. ಪ್ರತಿ ಫೆಬ್ರವರಿಯಲ್ಲಿ ಜಯಂತಿಯ ಸಮಯಕ್ಕೆ ದೂರದೂರದ ತಾಂಡಾಗಳಿಂದ ಮಾಲಾಧಾರಿಗಳು, ಕೆಲವರು ಕಾಲ್ನಡಿಗೆಯಲ್ಲಿಯೇ, ಅಲ್ಲಿಗೆ ಬರುತ್ತಾರೆ. ಒಂದು ಚಿಕ್ಕ ಊರಿನ ನಲ್ಲಿ, ಶೌಚಾಲಯ, ರಸ್ತೆಗಳು ಆ ಕೆಲವು ದಿನಗಳಲ್ಲಿ ಹೊರುವ ಭಾರವನ್ನು ಊಹಿಸಬಹುದು. ನ್ಯಾಮತಿ, ಹೊನ್ನಾಳಿಗಳ ವರ್ತಕರಿಗೆ ಅದು ವ್ಯಾಪಾರದ ಕಾಲವೂ ಹೌದು. ನಡೆದು ಬರುವವರ ದಾರಿಯಲ್ಲಿ ಕುಡಿಯುವ ನೀರು, ನೆರಳು, ಮಹಿಳೆಯರಿಗೆ ಮರೆಯುಳ್ಳ ತಾತ್ಕಾಲಿಕ ಶೌಚಾಲಯ ಒದಗಿಸುವುದು ಶುಭಾಶಯದ ಬ್ಯಾನರು ಕಟ್ಟುವುದಕ್ಕಿಂತ ಹೆಚ್ಚು ಬೇಕಾದ ಸೇವೆ.

ಬ್ಯಾನರಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಚಲನಚಿತ್ರ ನಟರೊಬ್ಬರ ಜನ್ಮದಿನದ ಬ್ಯಾನರು ಕಟ್ಟುತ್ತಿದ್ದ ಮೂವರು ಯುವಕರು ವಿದ್ಯುತ್ ತಂತಿ ತಗುಲಿ ಸಾವಿಗೀಡಾದರು. ವಾಣಿಜ್ಯ ಸಮಾರಂಭಗಳಲ್ಲಿಯೂ ಬ್ಯಾನರು ಕಟ್ಟುವುದು ಬಹುತೇಕ ರಾತ್ರಿ ಹೊತ್ತಿನಲ್ಲಿ, ಕೂಲಿಗೆ ಬಂದ ಹುಡುಗರಿಂದ. ಲೋಹದ ಚೌಕಟ್ಟು ಬೇಡವೆಂದೂ, ವಿದ್ಯುತ್ ಮಾರ್ಗದ ಕೆಳಗೆ ಕಟ್ಟಬಾರದೆಂದೂ ಕೆಲಸ ಒಪ್ಪಿಸುವಾಗಲೇ ಬರೆದುಕೊಡುವುದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಮೃತಪಟ್ಟರು. ಅಷ್ಟು ದೊಡ್ಡ ಸಂದಣಿ ತಾಲ್ಲೂಕು ಕೇಂದ್ರಗಳಲ್ಲಿ ಸೇರದಿರಬಹುದು. ಆದರೆ ‘ಮೊದಲ 100 ಗ್ರಾಹಕರಿಗೆ ಸೀರೆ ಉಚಿತ’ ಎಂಬ ಕರಪತ್ರವೊಂದು ಕಿರಿದಾದ ಬಜಾರು ರಸ್ತೆಯಲ್ಲಿ ಅದೇ ಬಗೆಯ ಅಪಾಯವನ್ನು ಸೃಷ್ಟಿಸಬಲ್ಲದು. ಹಿಂದಿನ ದಿನಗಳಲ್ಲಿಯೇ ಚೀಟಿ ಹಂಚಿ, ಸಮಯ ನಮೂದಿಸಿ, ಒಳಬರುವ ಮತ್ತು ಹೊರಹೋಗುವ ದಾರಿಗಳನ್ನು ಬೇರೆಯಾಗಿರಿಸಿದರೆ ಕೊಡುಗೆಯ ಆಕರ್ಷಣೆಯೇನೂ ಕುಗ್ಗುವುದಿಲ್ಲ.

ಬಡಿಸುವ ಕೈಗಳು

ಊಟದ ಗುತ್ತಿಗೆಯನ್ನು ಎಲೆಗಿಷ್ಟು ಎಂದು ಮಾತನಾಡುವುದು ರೂಢಿ. ದರವನ್ನು ಇನ್ನೈದು ರೂಪಾಯಿ ಇಳಿಸಿದಾಗ ಅಡುಗೆ ಗುತ್ತಿಗೆದಾರರು ಅದನ್ನು ತುಪ್ಪದಲ್ಲಿ ಉಳಿಸುವುದಕ್ಕಿಂತ ಕೂಲಿಯಲ್ಲಿ ಉಳಿಸುವ ಸಂಭವವೇ ಹೆಚ್ಚು. ಶಾಲೆ ತಪ್ಪಿಸಿ ಬಂದು ನೀರು ಬಡಿಸುವ, ಎಲೆ ಎತ್ತುವ, ಪಾತ್ರೆ ಉಜ್ಜುವ ಮಕ್ಕಳು ಹೀಗೆ ಪಂಕ್ತಿಯ ನಡುವೆ ಕಾಣಿಸಿಕೊಳ್ಳುತ್ತಾರೆ. ಹೋಟೆಲು, ಢಾಬಾಗಳಲ್ಲಿಯೂ ಮನೆಗೆಲಸದಲ್ಲಿಯೂ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಲಾಗಿತ್ತು. 2016ರ ತಿದ್ದುಪಡಿಯು ಕುಟುಂಬದ ಕೆಲಸದಂತಹ ಕೆಲವು ವಿನಾಯಿತಿಗಳ ಹೊರತು ಎಲ್ಲ ಉದ್ಯೋಗಗಳಿಗೂ ಅದನ್ನು ವಿಸ್ತರಿಸಿತು. ‘ಅವರು ಭಟ್ಟರ ಕಡೆಯ ಹುಡುಗರು, ನಮಗೆ ಗೊತ್ತಿಲ್ಲ’ ಎಂಬ ಉತ್ತರವು ಲೆಕ್ಕಪತ್ರದಲ್ಲಿ ಹೊಂದಬಹುದು. ಅದೇ ಸಭೆಯ ವೇದಿಕೆಯಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತಿರುವಾಗ ಕೇಳುವುದಕ್ಕೆ ಮಾತ್ರ ಚೆನ್ನಾಗಿರುವುದಿಲ್ಲ. ಆದ್ದರಿಂದ ದರದ ಚೀಟಿಯಲ್ಲಿ ಬಡಿಸುವವರ ಸಂಖ್ಯೆ, ಅವರ ದಿನಗೂಲಿ, ಅವರ ಊಟದ ವೇಳೆ ಇವು ಪ್ರತ್ಯೇಕ ಸಾಲುಗಳಾಗಿರಬೇಕು. ಚೌಕಾಸಿ ನಡೆಯುವುದಾದರೆ ಭಕ್ಷ್ಯಗಳ ಸಂಖ್ಯೆಯ ಮೇಲೆ ನಡೆಯಲಿ.

ಮಿಗುವ ಅಡುಗೆಗೂ ಇದೇ ಬಗೆಯ ಪೂರ್ವಸಿದ್ಧತೆ ಬೇಕು. ಮಿಕ್ಕ ಆಹಾರದ ಸಂಗ್ರಹ ಮತ್ತು ವಿತರಣೆಗೆಂದೇ 2019ರಲ್ಲಿ ಪ್ರಕಟವಾದ ಆಹಾರ ಸುರಕ್ಷತಾ ವಿನಿಯಮಗಳು 2020ರ ಜುಲೈ 1ರಿಂದ ಜಾರಿಗೆ ಬಂದವು. ಎಲೆಯ ಮೇಲೆ ಉಳಿದುದು ದಾನಕ್ಕೆ ಯೋಗ್ಯವಲ್ಲ. ಪಂಕ್ತಿಗೆ ಹೋಗದೆ ಪಾತ್ರೆಯಲ್ಲಿಯೇ ಬಿಸಿಯಾಗಿ ಉಳಿದುದು ಮಾತ್ರ ಯೋಗ್ಯ. ಸಮೀಪದ ವಿದ್ಯಾರ್ಥಿ ನಿಲಯಕ್ಕೆ ಹಿಂದಿನ ದಿನವೇ ತಿಳಿಸಿ, ಮಧ್ಯಾಹ್ನ ಎರಡೂವರೆಗೆ ವಾಹನ ಸಿದ್ಧವಿರಿಸಿದರೆ ಅಲ್ಲಿನ ಅಡುಗೆಯವರು ಅಷ್ಟು ಅಕ್ಕಿಯನ್ನು ಕಡಿಮೆ ಹಾಕುತ್ತಾರೆ. ಸಂಜೆ ಆರಕ್ಕೆ ಹಳಸುತ್ತಿರುವ ಚಿತ್ರಾನ್ನವನ್ನು ಹೊತ್ತು ಬಾಗಿಲು ತಟ್ಟುವುದು ದಾನವೆನಿಸದು.

ಬಾಕಿಯ ಹೊಣೆ

ಸಮಾರಂಭಗಳಲ್ಲಿ ಅತಿ ಹೆಚ್ಚು ಅನ್ಯಾಯ ನಡೆಯುವ ಸ್ಥಳವು ಅಡುಗೆಮನೆಯೂ ಅಲ್ಲ, ಮೈದಾನವೂ ಅಲ್ಲ; ಲೆಕ್ಕದ ಪುಸ್ತಕ. ಸಂಗ್ರಹವಾದ ವಂತಿಗೆ ವೇದಿಕೆ, ಆತಿಥ್ಯ, ಕಾರುಗಳಿಗೆ ಮೊದಲೇ ಮುಗಿದಿರುತ್ತದೆ. ಶಾಮಿಯಾನ, ಮೈಕು, ಮುದ್ರಣ, ತಟ್ಟೆಯ ಘಟಕ ಇವುಗಳ ಹಣ ‘ಸಮಿತಿಯ ಲೆಕ್ಕ ಮುಗಿಯಲಿ’ ಎಂಬ ಮಾತಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಗಣ್ಯರ ಹೆಸರಿರುವ ಸಮಿತಿಯನ್ನು ಸಣ್ಣ ಮುದ್ರಕರು ಒತ್ತಾಯಿಸುವುದಾದರೂ ಹೇಗೆ?

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೇ ಕಲಮಿನ ಪ್ರಕಾರ, ನೋಂದಣಿ ಹೊಂದಿದ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದಲ್ಲಿ ಅದರ ಗಡುವಿನೊಳಗೆ, ಆದರೆ ಯಾವ ಕಾರಣಕ್ಕೂ 45 ದಿನ ಮೀರದಂತೆ ಕೊಡಬೇಕು. ಒಪ್ಪಂದವಿಲ್ಲದಿದ್ದಲ್ಲಿ 15 ದಿನಗಳೊಳಗೆ. ತಪ್ಪಿದರೆ 16ನೇ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ತಟ್ಟೆ ತಯಾರಕರಿಗೂ ಮುದ್ರಕರಿಗೂ ಸೇವೆ ಒದಗಿಸುವ ಶಾಮಿಯಾನದವರಿಗೂ, ಉದ್ಯಮ್ ನೋಂದಣಿ ಇದ್ದಲ್ಲಿ, ಈ ರಕ್ಷಣೆ ದೊರೆಯುತ್ತದೆ; ಕೊಂಡು ಮಾರುವ ವರ್ತಕರಿಗೆ ಇದು ಅನ್ವಯಿಸುವುದಿಲ್ಲ. ಆದ್ದರಿಂದ ಸಮಾರಂಭಗಳಿಗೆ ಸರಕು ಮತ್ತು ಸೇವೆ ಒದಗಿಸುವ ಸದಸ್ಯರು ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆಯೇ ಮುದ್ರಿಸಿಕೊಳ್ಳುವುದು ಒಳಿತು.

ಸಂಘಟಕರ ಕಡೆಯಿಂದ ಆಗಬೇಕಾದುದು ಇನ್ನೂ ಸರಳ. ಅಂದಾಜು ಪಟ್ಟಿ ತಯಾರಿಸುವಾಗಲೇ ಈ ಬಾಕಿಗಳಿಗೆ ಬೇಕಾದ ಮೊತ್ತವನ್ನು ಬ್ಯಾಂಕಿನಲ್ಲಿ ಬೇರೆಯಾಗಿರಿಸಿ, ವೇದಿಕೆಯ ಖರ್ಚಿಗೆ ಅದನ್ನು ಮುಟ್ಟದಿರುವುದು. ಹಾಳೆ ಒಣಗುವ ಬೇಸಗೆಯಲ್ಲಿಯೇ ತಟ್ಟೆಯ ಘಟಕಕ್ಕೆ ಮುಂಗಡ ಕೊಟ್ಟರೆ ಕಚ್ಚಾ ಮಾಲು ಕೊಳ್ಳಲು ಆ ಘಟಕ ಸಾಲ ಮಾಡಬೇಕಾಗುವುದಿಲ್ಲ, ಸಂಘಟಕರಿಗೂ ದರದಲ್ಲಿ ರಿಯಾಯಿತಿ ಸಿಗುತ್ತದೆ. ಉಳಿದ ಬಿಲ್ಲುಗಳನ್ನು ಶಾಮಿಯಾನ ಬಿಚ್ಚುವ ದಿನವೇ ತರಿಸಿಕೊಂಡು ಪಾವತಿಯ ತಾರೀಖನ್ನು ಅವುಗಳ ಮೇಲೆ ಬರೆಯಬೇಕು. ಸಭೆ ಶಾಲೆಯ ಮೈದಾನದಲ್ಲಿ ನಡೆದಿದ್ದರೆ, ಕಂಬ ಕಿತ್ತ ಗುಂಡಿಗಳನ್ನು ಸೋಮವಾರ ಮಕ್ಕಳು ಆಟಕ್ಕೆ ಇಳಿಯುವ ಮೊದಲು ಮುಚ್ಚಿಸಲು ಇಬ್ಬರು ಆಳುಗಳ ಅರ್ಧ ದಿನದ ಕೂಲಿಯನ್ನೂ ಅದೇ ಪಟ್ಟಿಯಲ್ಲಿ ಸೇರಿಸಿರಬೇಕು.